ಮೂರನೆಯ ಸಾಫ್ಟ್‌ವೇರ್

"ಹಿಡೀರಿ ಸಾರ್, ಗಟ್ಟಿಯಾಗಿ ಹಿಡೀರಿ," ಎನ್ನುತ್ತ ಬಾಡಿಗೆ ಕುರ್ಚಿಯವನು ಟೆಂಪೊದ ಮೇಲಿನಿಂದಲೇ ಮಡಚಿದ ಕುರ್ಚಿಗಳ ಒಂದು ಕಟ್ಟನ್ನು ಕೆಳಗೆ ನಿಂತಿದ್ದವನ ತೋಳಿಗೆ ದಾಟಿಸಿಬಿಟ್ಟ. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಕಟ್ಟು ಬಂತು. "ನೀವು ಮನೆಯವರೇ ತಾನೆ?"

ಅವನು ತಲೆಯಾಡಿಸಿದ. ರಸ್ತೆಯ ಆಚೆ ಬದಿ, ಔಷಧಿ ಅಂಗಡಿಯ ನೆರಳಲ್ಲಿ ನಿಂತು, ಶವಪೆಟ್ಟಿಗೆ ಹೊರಗೆ ಬರುವುದನ್ನು ದೂರದಿಂದಲೇ ನೋಡಿ ಹೊರಟುಬಿಡಬೇಕು ಎಂದುಕೊಂಡು ಬಂದಿದ್ದ. ಟೆಂಪೊ ಅಡ್ಡವಾಯಿತೆಂದು ಈ ಬದಿಗೆ ದಾಟಿದ್ದೇ ತಪ್ಪಾಯಿತು. ಈಗ ತೋಳು ತುಂಬ ಕುರ್ಚಿ ಹೊತ್ತು, ವರ್ಷಗಳಿಂದ ತುಳಿಯದ ಮೆಟ್ಟಿಲನ್ನು ಏರಬೇಕಾಯಿತು.

ಹಾಸಿಗೆ ಕಂಪನಿಯಲ್ಲಿ ಎಲ್ಲರೂ ಅವನನ್ನು ಗುಡುಗು ಎಂದೇ ಕರೆಯುತ್ತಿದ್ದರು. ಅವನು ಲೆಕ್ಕದ ವಿಭಾಗದಲ್ಲಿ ಕೆಮ್ಮಿದರೆ ಗೋದಾಮಿನಲ್ಲಿ ಕೇಳುತ್ತಿತ್ತು. ಅವನ ಎದುರಿನ ಮೇಜಿನವನು ಅದಕ್ಕೆ ಸರಿ ವಿರುದ್ಧ. ಮಾತು ಮೆತ್ತಗೆ, ನಡಿಗೆ ಮೆತ್ತಗೆ, ಕೋಪವೂ ಮೆತ್ತಗೆ. ಅವನಿಗೆ ಅರಳೆ ಎಂದು ಹೆಸರು ಬಿದ್ದಿತ್ತು. ಇಬ್ಬರೂ ಒಂದೇ ತಿಂಗಳು ಕೆಲಸಕ್ಕೆ ಸೇರಿ, ಒಂದೇ ಡಬ್ಬಿಯಿಂದ ಊಟ ಹಂಚಿಕೊಂಡು, ಒಬ್ಬರ ಮಕ್ಕಳ ಜ್ವರಕ್ಕೆ ಇನ್ನೊಬ್ಬರು ರಜೆ ಹಾಕಿ ಬೆಳೆದವರು. ಆ ಅರಳೆ ಈಗ ಒಳಗಿನ ಕೋಣೆಯಲ್ಲಿ ಮಲಗಿದ್ದ.

ಬಾಗಿಲಲ್ಲಿ ಅರಳೆಯ ಹೆಂಡತಿ ನಿಂತಿದ್ದಳು. ಗುಡುಗನ್ನು ನೋಡಿದಳು. ಮುಖದಲ್ಲಿ ಏನೂ ಕದಲಲಿಲ್ಲ.

"ಬಂದ್ರಾ ಅಣ್ಣ," ಎಂದಳು. "ಕುರ್ಚಿ ಗೋಡೆ ಪಕ್ಕ ಹಾಕಿ. ದಾರಿಗೆ ಅಡ್ಡ ಬೇಡ."

ಅಷ್ಟೇ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ ಸಾಲಾಗಿ ಇಟ್ಟ. ಇಡುವ ಕೆಲಸ ಮುಗಿದ ಮೇಲೆ ಒಳಗೆ ಹೋಗದೆ ಬೇರೆ ದಾರಿಯಿರಲಿಲ್ಲ. ಅರಳೆಯ ಕೆನ್ನೆ ಒಳಗೆ ಹೋಗಿತ್ತು, ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ಮೂರು ತಿಂಗಳು ಹಾಸಿಗೆ ಹಿಡಿದಿದ್ದನಂತೆ. ಗುಡುಗಿಗೆ ಗೊತ್ತಾದದ್ದು ನಿನ್ನೆ ಸಂಜೆ, ಹಳೆಯ ಸಹೋದ್ಯೋಗಿಯ ಫೋನಿನಿಂದ.

"ಈ ಹಾಸಿಗೆ ನಮ್ದೇ," ಎಂದು ಗೋದಾಮಿನ ಮೇಲ್ವಿಚಾರಕಿ ಪಕ್ಕದಿಂದ ಪಿಸುಗುಟ್ಟಿದಳು. ಅವಳ ಮೂಗು ಕೆಂಪಾಗಿತ್ತು. "ಹೊಲಿಗೆ ನೋಡಿ, ಸೊಟ್ಟ. ರಿಜೆಕ್ಟ್ ಮಾಲು. ಒಳ್ಳೇದು ಕಳಿಸ್ತೀನಿ ಸಾರ್ ಅಂತ ಎಷ್ಟು ಬಡ್ಕೊಂಡೆ. ಸೊಟ್ಟ ಹೊಲಿಗೆ ಮೇಲೆ ನಿದ್ದೆ ಬರಲ್ವೇನಮ್ಮಾ ಅಂತ ನಕ್ರು."

ಗುಡುಗಿಗೂ ನಗು ಬಂತು. ಬಗ್ಗಿ ಆ ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸಿದ.

*

ಕೆಲವು ವರ್ಷಗಳ ಹಿಂದೆ ಹಾಸಿಗೆ ಕಂಪನಿಯ ಹಿರಿಯ ಯಜಮಾನರಿಗೆ ಸಾಫ್ಟ್‌ವೇರಿನ ಹುಚ್ಚು ಹಿಡಿದಿತ್ತು. ಲೆಕ್ಕ, ದಾಸ್ತಾನು, ಬಿಲ್ಲು, ಸಂಬಳ, ತೆರಿಗೆ, ಎಲ್ಲವೂ ಒಂದೇ ಕಡೆ ಕಾಣಬೇಕು ಎಂದರು. ಮೊದಲು ಅರಳೆಯೊಬ್ಬನನ್ನೇ ಕೋಣೆಗೆ ಕರೆದು ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದವನ ಮುಖ ಬಿಳಿಚಿಕೊಂಡಿತ್ತು. ಖರ್ಚು ಕಡಿಮೆ ಮಾಡು ಎಂದು ಬೈದಿರಬೇಕು ಎಂದುಕೊಂಡ ಗುಡುಗು. ಆಮೇಲೆ ಇಬ್ಬರನ್ನೂ ಕೂರಿಸಿ ಹೇಳಿದರು: "ಮೂರು ಕಂಪನಿಯವರು ಬಂದು ತೋರಿಸ್ತಾರೆ. ನೋಡಿ, ಕೇಳಿ, ಒಂದನ್ನ ಆರಿಸಿ."

ಮೊದಲನೆಯದು ಅಂಥ ಹತ್ತು ಕಂಪನಿಗಳಿಗಾಗುವಷ್ಟು ದೊಡ್ಡದು. ಅದನ್ನು ಕಲಿಸಲು ಬರುವವರಿಗೇ ಒಂದು ಕೋಣೆ ಕಟ್ಟಿಸಬೇಕಿತ್ತು. "ಹೂಕುಂಡ ಹೊರೋಕೆ ಆನೆ ಕರೆಸಿದ ಹಾಗಾಯ್ತು," ಎಂದ ಗುಡುಗು. ಅದು ಅಲ್ಲಿಗೇ ಬಿತ್ತು.

ಎರಡನೆಯದು ಸಾಧು. ಆದರೆ ಗೋದಾಮಿನಿಂದ ಬಂದ ಚೀಟಿಯನ್ನು ಲೆಕ್ಕದವರು ಮತ್ತೆ ಟೈಪು ಮಾಡಬೇಕು, ಸಂಜೆ ಕೂತು ಎರಡನ್ನೂ ತಾಳೆ ನೋಡಬೇಕು. ಎಂದರೆ ಗುಡುಗು ಕೆಲಸಕ್ಕೆ ಸೇರಿದಂದಿನಿಂದ ಮಾಡುತ್ತಿದ್ದುದನ್ನೇ, ಕಾಗದ ಬಿಟ್ಟು ಪರದೆಯ ಮೇಲೆ.

ಮೂರನೆಯದನ್ನು ತೋರಿಸಲು ಬಂದ ಹುಡುಗಿ ಹೆಚ್ಚು ಮಾತಾಡಲಿಲ್ಲ. ಗೋದಾಮಿನಲ್ಲಿ ಹಾಸಿಗೆ ಲಾರಿಗೆ ಏರುವಾಗ ಒಂದು ಗುಂಡಿ ಒತ್ತಿಸಿದಳು. ಇತ್ತ ಪರದೆಯಲ್ಲಿ ದಾಸ್ತಾನು ಇಳಿಯಿತು, ಬಿಲ್ಲು ಬಂತು, ವ್ಯಾಪಾರಿಯ ಖಾತೆಯಲ್ಲಿ ಅದು ತಾನಾಗಿ ಕೂತಿತು.

ಗುಡುಗು ಎದ್ದು ನಿಂತ. "ತಾಳೆ ನೋಡೋದು?"

"ನೋಡಬೇಕಾಗೇ ಇಲ್ಲ ಸಾರ್. ಎರಡೂ ಒಂದೇ."

ಸಂಜೆ ಸಂಜೆ ಕತ್ತು ಬಗ್ಗಿಸಿ ಕೂತು, ಒಂದು ಹಾಸಿಗೆ ಎಲ್ಲಿ ತಪ್ಪಿಸಿಕೊಂಡಿತೆಂದು ಹುಡುಕಿ, ಮಕ್ಕಳು ಮಲಗಿದ ಮೇಲೆ ಮನೆ ಸೇರಿದ ಅಷ್ಟೂ ದಿನಗಳು ಅವನ ಕಣ್ಣ ಮುಂದೆ ಹಾದುಹೋದವು. ಮಗುವಿನ ಹಾಗೆ ಇನ್ನೊಮ್ಮೆ ತೋರಿಸಮ್ಮಾ, ಇನ್ನೊಮ್ಮೆ ಎಂದ.

ಅರಳೆ ಮಾತ್ರ ಕೊಂಕು ತೆಗೆಯತೊಡಗಿದ. ಅಕ್ಷರ ಚಿಕ್ಕದಾಯಿತು ಎಂದ. ಹುಡುಗಿ ದೊಡ್ಡದು ಮಾಡಿ ತೋರಿಸಿದಳು. ಇಂಟರ್ನೆಟ್ ಹೋದರೆ ಏನು ಗತಿ ಎಂದ. ಅದಕ್ಕೂ ಉಪಾಯವಿತ್ತು. ಕೊನೆಗೆ, "ಆ ನೀಲಿ ಬಣ್ಣ ಕಣ್ಣಿಗೆ ಚುಚ್ಚತ್ತೆ," ಎಂದ.

"ಏನಯ್ಯಾ ಇದು, ನಾವು ಸಾಫ್ಟ್‌ವೇರ್ ಆರಿಸ್ತಿದೀವೋ, ಕಿಟಕಿಗೆ ಪರದೆ ಆರಿಸ್ತಿದೀವೋ?" ಎಂದು ಗುಡುಗು ನಕ್ಕ. ಹುಡುಗಿಯೂ ನಕ್ಕಳು.

ಕ್ಯಾಂಟೀನಿನಲ್ಲಿ ಅರಳೆ ಚಹಾದ ಲೋಟವನ್ನು ತಿರುಗಿಸುತ್ತ ಕೂತಿದ್ದ. "ಎರಡನೇದೇ ಸಾಕು ಕಣೋ. ನಾವಿಬ್ರೂ ಸೇರಿ ಹೆಂಗೋ ತೂಗಿಸ್ಕೊಂಡು ಹೋಗೋಣ."

"ನಿನಗೆ ತಲೆ ಕೆಟ್ಟಿದೆ."

"ಒಂದ್ಸಲ ನನ್ನ ಮಾತು ಕೇಳೋ."

"ಕಾರಣ ಹೇಳು, ಕೇಳ್ತೀನಿ."

ಅರಳೆ ತಲೆಯೆತ್ತಿ ಅವನನ್ನು ನೋಡಿದ. ತುಟಿ ಬಿಡಿಸಿದ. ಆಮೇಲೆ ಚಹಾ ಕುಡಿದ.

ಯಜಮಾನರ ಮುಂದಿನ ಸಭೆಯಲ್ಲಿ ಗುಡುಗು ಕಂಪನಿಯೇ ಕೇಳಿಸಿಕೊಳ್ಳುವಂತೆ ಮಾತಾಡಿದ. "ಎರಡನೇದು ತಗೊಂಡ್ರೆ ನಾವು ಕೆಲಸ ಮಾಡ್ತೀವಿ ಸಾರ್. ಮೂರನೇದು ತಗೊಂಡ್ರೆ ಅದು ಕೆಲಸ ಮಾಡತ್ತೆ!"

ಎಲ್ಲರೂ ಮೇಜು ಕುಟ್ಟಿ ನಕ್ಕರು. ಅರಳೆ ಕಿಟಕಿಯ ಕಡೆ ತಿರುಗಿದ್ದ.

*

"ಮಾಮ, ನೀರು ಕುಡೀರಿ." ಅರಳೆಯ ಮಗಳು ಲೋಟ ಹಿಡಿದು ನಿಂತಿದ್ದಳು. ಅವಳು ಹುಟ್ಟಿದ ದಿನ ಆಸ್ಪತ್ರೆಯ ವರಾಂಡದಲ್ಲಿ ಕೂಗಾಡಿ ನರ್ಸಿನಿಂದ ಬೈಸಿಕೊಂಡದ್ದು ಅವನೇ. ಈಗ ಅವಳಿಗೆ ಕನ್ನಡಕ ಬಂದಿತ್ತು. ಅದು ಯಾವಾಗ ಬಂತೋ ಅವನಿಗೆ ಗೊತ್ತಿರಲಿಲ್ಲ.

"ಓದು ಮುಗೀತಾ ಮಗಳೇ?"

"ಹೋದ ವರ್ಷವೇ ಮುಗೀತು ಮಾಮ. ಅಪ್ಪ ನಿಮಗೆ ಹೇಳೋಕೆ ಫೋನ್ ಮಾಡಿದ್ರು. ನೀವು ಕೆಲಸದಲ್ಲಿ ಇದ್ರಂತೆ."

"ಹ್ಞೂಂ," ಎಂದ ಗುಡುಗು. "ಕೆಲಸದಲ್ಲಿದ್ದೆ."

*

ಮೂರನೆಯ ಸಾಫ್ಟ್‌ವೇರ್ ಬಂದು ಕೆಲವು ತಿಂಗಳಾಗಿತ್ತು. ಒಂದು ಸೋಮವಾರ ಹಿರಿಯ ಯಜಮಾನರು ಗುಡುಗನ್ನು ಕರೆದು, ಲೆಕ್ಕಕ್ಕೆ ಇನ್ನು ಅರಳೆಯೊಬ್ಬ ಸಾಕು ಎಂದರು. ಅರಳೆ ಗೋಡೆಗೆ ಆನಿಕೊಂಡು ನೆಲ ನೋಡುತ್ತಿದ್ದ.

"ಇದು ಈಗ ಮಾಡಿದ ತೀರ್ಮಾನ ಅಲ್ಲ," ಎಂದರು ಯಜಮಾನರು, ಸಮಾಧಾನ ಹೇಳುವವರ ಹಾಗೆ. "ಶುರುವಿನಲ್ಲೇ ಇವರಿಗೆ ಹೇಳಿದ್ದೆ. ಕೆಲಸ ಮುಗಿಯೋವರೆಗೆ ಬಾಯಿ ಬಿಡಬೇಡಿ ಅಂತಲೂ ಹೇಳಿದ್ದೆ."

ಗುಡುಗು ಅಂದು ಕೂಗಲಿಲ್ಲ. ಮೇಜಿನಿಂದ ಕನ್ನಡಕದ ಡಬ್ಬಿ ತೆಗೆದುಕೊಂಡು ಹೊರಟ. ಗೇಟಿನವರೆಗೆ ಹಿಂದೆಯೇ ಬಂದ ಅರಳೆಗೆ ಒಂದೇ ಮಾತು ಹೇಳಿದ: "ನನ್ನ ಗುಂಡಿ ನನ್ನ ಕೈಯಲ್ಲೇ ತೋಡಿಸಿದೆಯಲ್ಲೋ."

ಅರಳೆಯ ಕೊಂಕುಗಳ ಅರ್ಥ ಆಗಲೇ ಹೊಳೆದಿತ್ತು ಅವನಿಗೆ. ಬೇಡ ಎಂದರೆ ಗುಡುಗು ಬೇಕೇ ಬೇಕು ಎಂದು ಹಠ ಹಿಡಿಯುತ್ತಾನೆ. ಇದು ಅರಳೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇಡ ಬೇಡ ಎನ್ನುತ್ತಲೇ ಕೆರಳಿಸಿ, ತನ್ನ ಕುರ್ಚಿ ಉಳಿಸಿಕೊಂಡ.

ಅರಳೆಯ ಫೋನುಗಳು ಬಂದವು. ಅವನು ಎತ್ತಲಿಲ್ಲ. ಹಾರ್ಡ್‌ವೇರ್ ಅಂಗಡಿಯೊಂದರ ಗಲ್ಲಾದಲ್ಲಿ ಕೆಲಸ ಸಿಕ್ಕಿತು. ಒಂದು ಮಧ್ಯಾಹ್ನ ಅಲ್ಲಿಗೂ ಬಂದ ಅರಳೆ. ಸ್ಕ್ರೂ ಪೊಟ್ಟಣವೊಂದನ್ನು ಹಿಡಿದು ಸರದಿಯಲ್ಲಿ ನಿಂತಿದ್ದ. ಜನ್ಮದಲ್ಲಿ ಒಂದು ಮೊಳೆ ಹೊಡೆದವನಲ್ಲ. ಗುಡುಗು ಬಿಲ್ಲು ಹರಿದು, ಚಿಲ್ಲರೆ ಎಣಿಸಿ ಗಾಜಿನ ಮೇಲಿಟ್ಟ. ಅರಳೆಯ ಬಾಯಿ ಏನೋ ಹೇಳಲು ಹೊರಟಿತ್ತು.

"ಮುಂದಿನವರು ಬನ್ನಿ," ಎಂದ ಗುಡುಗು, ಅಂಗಡಿಯೆಲ್ಲ ತಿರುಗಿ ನೋಡುವಂತೆ.

*

ಚಿಕ್ಕ ಯಜಮಾನ ಬಂದಾಗ ಎಲ್ಲರೂ ಎದ್ದರು. ಅಪ್ಪ ತೀರಿಕೊಂಡ ಮೇಲೆ ಕಂಪನಿ ಇವನದೇ. ದೊಡ್ಡದೊಂದು ಹೂಗುಚ್ಛ ಇಟ್ಟು, ತಲೆತಗ್ಗಿಸಿ ನಿಂತು, ಆಮೇಲೆ ಖಾಲಿ ಕುರ್ಚಿ ಹುಡುಕಿ ಗುಡುಗಿನ ಪಕ್ಕದಲ್ಲೇ ಬಂದು ಕೂತ. ಪಕ್ಕದವನು ಗುಡುಗು ಎಂದು ಗುರುತು ಸಿಕ್ಕ ಮೇಲೆ ಅವನು ಎದ್ದುಹೋಗುವಂತಿರಲಿಲ್ಲ.

"ಚೆನ್ನಾಗಿದೀರಾ?" ಎಂದ.

"ಇದೀನಿ."

"ನನ್ನ ಮೇಲೆ, ಅಪ್ಪನ ಮೇಲೆ ನಿಮಗೆ ಬೇಸರ ಇರತ್ತೆ. ಇರಬೇಕಾದ್ದೇ." ಅವನು ಕೈಗಡಿಯಾರದ ಪಟ್ಟಿಯನ್ನು ಎಳೆದಾಡಿದ. ಏನಾದರೂ ಮಾತಾಡಬೇಕೆಂದು ಮಾತಾಡುತ್ತಿರುವುದು ಕಾಣುತ್ತಿತ್ತು. "ಆದರೆ ಆ ಸಾಫ್ಟ್‌ವೇರ್ ಇವತ್ತಿಗೂ ಚೆನ್ನಾಗಿ ನಡೀತಿದೆ. ಅದನ್ನ ಆರಿಸಿದ್ದು ನೀವೇ, ಅದನ್ನ ನಾನು ಮರೆತಿಲ್ಲ. ಒಳಗೆ ಮಲಗಿರೋ ಇವರ ಮಾತು ಕೇಳಿದ್ರೆ ಎರಡನೇದು ತಗೊಂಡು ಒದ್ದಾಡ್ತಿದ್ವಿ."

"ಎಲ್ಲರೆದುರು ಏನೋ ಅಂದ, ಅಷ್ಟೆ ಬಿಡಿ."

"ಎಲ್ಲರೆದುರು ಎಲ್ಲಿ? ನೀವಿಲ್ಲದಾಗಲೇ ಹೆಚ್ಚು. ದಿನಾ ಬಂದು ಅಪ್ಪನ ಹತ್ರ ಅದೇ ರಾಗ. ಕೊನೆಗೆ ಆರ್ಡರ್ ಕೊಡೋ ದಿನ ಬೆಳಿಗ್ಗೆ ಕಾರಿನ ಬಾಗಿಲು ಹಿಡ್ಕೊಂಡೇ ನಿಂತುಬಿಟ್ರು. ಎರಡನೇದು ತಗೊಳ್ಳಿ ಸಾರ್, ಅದನ್ನ ನಡೆಸೋಕೆ ಇಬ್ಬರು ಬೇಕಾಗತ್ತೆ, ತಗೊಳ್ಳಿ ಅಂತ. ಅಪ್ಪ ನಕ್ಕುಬಿಟ್ರು. ಇಬ್ಬರು ಬೇಕಾಗತ್ತೆ ಅಂತ ಯಾರಾದ್ರೂ ಸಾಫ್ಟ್‌ವೇರ್ ತಗೋತಾರೇನ್ರೀ ಅಂತ. ಕಣ್ಣಲ್ಲಿ ನೀರು ಹಾಕ್ಕೊಂಡಿದ್ರು ಇವರು. ಕಾರಿನ ಒಳಗೆ ಕೂತು ನಾನೇ ನೋಡಿದೆ." ಚಿಕ್ಕ ಯಜಮಾನ ತಲೆ ಅಲ್ಲಾಡಿಸಿದ. "ಅಷ್ಟು ಬುದ್ಧಿವಂತರು, ಇದೊಂದರಲ್ಲಿ ಯಾಕೆ ಹಾಗೆ ಹಠ ಹಿಡಿದ್ರೋ. ನನಗೆ ಇವತ್ತಿಗೂ ಅರ್ಥ ಆಗಿಲ್ಲ."

ಗುಡುಗು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಎದ್ದು, ಯಾರ ಮೊಣಕಾಲಿಗೋ ತಾಗಿಕೊಂಡು, ಅಡುಗೆಮನೆಗೆ ನಡೆದ.

ಅರಳೆಯ ಹೆಂಡತಿ ನಲ್ಲಿಯ ಕೆಳಗೆ ಲೋಟ ತೊಳೆಯುತ್ತಿದ್ದಳು. ಬಿಡು, ನಾವು ತೊಳೀತೀವಿ ಎಂದವರನ್ನೆಲ್ಲ ಆಚೆ ಕಳಿಸಿದ್ದಳಂತೆ.

"ಅವನು ಎರಡನೇದಕ್ಕೆ ಹೊಡೆದಾಡಿದ್ದು ನಿನಗೆ ಗೊತ್ತಿತ್ತೇನಮ್ಮ?"

ಅವಳ ಕೈ ನಿಲ್ಲಲಿಲ್ಲ. "ಗೊತ್ತಿತ್ತು."

"ಒಂದು ಮಾತು ನನಗೆ ಹೇಳಬಾರದಿತ್ತಾ?"

"ಹೇಳ್ಬೇಡ ಅಂದಿದ್ರು. ಈಗ ಹೇಳಿದ್ರೆ ನಾನು ಒಳ್ಳೆಯವನು ಅಂತ ಸಾರಿಕೊಂಡ ಹಾಗಾಗತ್ತೆ, ನಾನು ಒಳ್ಳೆಯವನಲ್ಲ ಕಣೇ ಅಂದ್ರು."

"ಮೊದಲೇ ನನ್ನ ಕಿವೀಲಿ ಒಂದು ಮಾತು ಹಾಕಿದ್ರೆ..."

"ಹಾಕಬೇಕಿತ್ತು." ಅವಳು ನಲ್ಲಿ ನಿಲ್ಲಿಸಿದಳು. "ಹೆದರಿದ್ರು ಅಣ್ಣ. ಹೇಳಿದ ತಕ್ಷಣ ನೀವು ಯಜಮಾನರ ಕೋಣೆಗೆ ನುಗ್ತೀರಿ, ಕೂಗಾಡ್ತೀರಿ, ಇಬ್ಬರ ಕೆಲಸಾನೂ ಹೋಗತ್ತೆ. ಮಗಳ ಓದು ಅರ್ಧಕ್ಕೆ ನಿಲ್ಲತ್ತೆ. ಹಂಗಂತ ಹೆದರಿದ್ರು. ಹೆದರುಪುಕ್ಕರೇ ಅವರು. ಸತ್ತಿದ್ದಾರೆ ಅಂತ ಅದನ್ನ ನಾನೇನೂ ಮುಚ್ಚಿಡಲ್ಲ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಮೊದಲ ಸಲ ಅವನನ್ನು ನೆಟ್ಟಗೆ ನೋಡಿದಳು.

"ಆದ್ರೆ ನೀವು ಒಂದ್ಸಲ ಫೋನ್ ಎತ್ತಬಹುದಿತ್ತು."

ಗುಡುಗು ಕಲ್ಲಿನ ಕಟ್ಟೆಯ ಅಂಚು ಹಿಡಿದು ನಿಂತ. ಅವಳು ತೊಳೆದ ಲೋಟಗಳನ್ನು ಅವನ ಕಡೆ ಸರಿಸಿ ಒಂದು ಬಟ್ಟೆ ಕೊಟ್ಟಳು. ಇಬ್ಬರೂ ಲೋಟ ಮುಗಿಯುವ ತನಕ ಒರೆಸಿದರು.

ಕೆಳಗೆ ವ್ಯಾನು ಬಂದಿತ್ತು. ಪೆಟ್ಟಿಗೆಯನ್ನು ಹಿಂದಿನಿಂದ ಒಳಗೆ ತಳ್ಳಿದ ಮೇಲೆ ಡ್ರೈವರು ಹೇಳಿದ: "ಹಿಂದೆ ಪೆಟ್ಟಿಗೆ ಜೊತೆಗೆ ಇಬ್ಬರಿಗೆ ಮಾತ್ರ ಜಾಗ. ಮುಂದೆ ಒಬ್ಬರು ಕೂರಬಹುದು."

ಮಗಳು ಮುಂದೆ ಕೂತಳು. ಅರಳೆಯ ಹೆಂಡತಿ ಹಿಂದಿನ ಕಿರಿದಾದ ಬೆಂಚಿಗೆ ಹತ್ತಿ, ಗೋಡೆಗೆ ಸರಿದು ಜಾಗ ಬಿಟ್ಟಳು. ಚಿಕ್ಕ ಯಜಮಾನ ಒಂದು ಹೆಜ್ಜೆ ಮುಂದೆ ಬಂದ.

"ಅಣ್ಣ," ಎಂದಳು ಅವಳು ಅವನ ಹಿಂದೆ ನಿಂತಿದ್ದವನಿಗೆ. "ನೀವು ಬನ್ನಿ."

ಗುಡುಗು ಹತ್ತಿದ. ಬಾಗಿಲು ಮುಚ್ಚಿತು. ಒಳಗೆ ಡೀಸೆಲ್ಲಿನ ವಾಸನೆ, ಹೂವಿನ ವಾಸನೆ. ಬೀದಿಯ ಕೊನೆಯಲ್ಲಿ ವ್ಯಾನು ಎಡಕ್ಕೆ ಹೊರಳಿದಾಗ ಪೆಟ್ಟಿಗೆ ಕಬ್ಬಿಣದ ಹಳಿಯ ಮೇಲೆ ಸರಕ್ಕನೆ ಇತ್ತ ಜಾರಿತು. ಅವನು ಥಟ್ಟನೆ ಕೈ ಚಾಚಿ ತಡೆದ. ಅಂಗೈ ಪೂರ್ತಿ ಬಿಡಿಸಿ ಮರದ ಮೇಲೆ ಒತ್ತಿ ಹಿಡಿದ. ಮಾರುಕಟ್ಟೆ ದಾಟಿತು, ಸೇತುವೆ ದಾಟಿತು. ಆಚೆಗೆ ರಸ್ತೆ ನೇರವಾಗಿ, ಅಗಲವಾಗಿ, ಎಲ್ಲೂ ತಿರುವಿಲ್ಲದೆ ಹೋಗುತ್ತಿತ್ತು. ಅವನು ಕೈ ತೆಗೆಯಲಿಲ್ಲ.