ಟಯರಿನ ಹಲಗೆ

ಹೆಗಲ ಮೇಲೆ ಹೊದಿಸಿದ್ದ ಒದ್ದೆ ಟವೆಲನ್ನು, ಆ ಬೈರಾಸನ್ನು, ಅಶ್ವಿತ್ ಕಿತ್ತು ಬಾವಿಕಟ್ಟೆಗೆ ಎಸೆದ.

"ಬೇರೆ ಯಾರನ್ನಾದ್ರೂ ನೋಡಿ. ನಾನು ಬೆಂಕಿ ಇಡುದಿಲ್ಲ."

ದೇರೆಬೈಲಿನ ಆ ಮನೆಯ ಅಂಗಳದಲ್ಲಿ ಮೂವತ್ತು ಜನ ಇದ್ದರು. ಚಾಪೆಯ ಮೇಲೆ ಅವನ ಸೋದರಮಾವ ಮೋಹನದಾಸ ಮೂಗಿಗೆ ಹತ್ತಿ ಇಟ್ಟುಕೊಂಡು, ಜೀವಮಾನದಲ್ಲಿ ಮೊದಲ ಸಲ ಬೆರಳು ಆಡಿಸದೆ ಮಲಗಿದ್ದ. ಮೂವತ್ತರ ತನಕ ರಾಕ್ ಬ್ಯಾಂಡಿನ ಡ್ರಮ್ಮರ್, ಆಮೇಲೆ ಸಾಯುವ ತನಕ ಡ್ರಮ್ಸ್ ಮೇಷ್ಟ್ರು. ಮದುವೆಯಾಗಿರಲಿಲ್ಲ.

"ನಮ್ಮದು ಅಳಿಯಕಟ್ಟು ಮಗಾ," ತಾಯಿ ಆಶಾಲತಾ ಬೈರಾಸನ್ನು ಹೆಕ್ಕಿ ತಂದಳು. "ಮಾಮನಿಗೆ ಅಳಿಯನೇ ಇಡ್ಬೇಕು. ಅವನಿಗೆ ಬೇರೆ ಯಾರುಂಟು?"

"ಶಿಷ್ಯರಿದ್ದಾರಲ್ಲ. ಅಗಾ, ಅಲ್ಲೊಬ್ಬಳು ನಿಂತಿದ್ದಾಳೆ. ಅವಳ ಹತ್ರ ಹೇಳು."

ತುಳಸಿಕಟ್ಟೆಯ ಆಚೆ ದೊಡ್ಡ ಬಟ್ಟೆಚೀಲ ಹಿಡಿದು ನಿಂತಿದ್ದ ಹುಡುಗಿ ಅದನ್ನೇ ಕರೆಯೆಂದು ತಿಳಿದು ಹತ್ತಿರ ಬಂದಳು. ಕಾಲೇಜಿನವಳು, ನಜ್ಲಾ ಅಂತ ಹೆಸರು.

"ಅಣ್ಣ, ಮೇಲೆ ಕ್ಲಾಸ್ ರೂಮಲ್ಲಿ ಟಯರಿನ ಹಲಗೆ ಉಂಟಲ್ಲ, ಅದನ್ನು ತಕೊಂಡು ಹೋಗ್ಲಿಕ್ಕೆ ಸರ್ ಹೇಳಿದ್ರು. ಬುಧವಾರ ಹೇಳಿದ್ದು."

"ಎಂತಕ್ಕೆ?"

"ಒಂದು ವರ್ಷ ಅದರಲ್ಲೇ ಬಾರಿಸ್ಬೇಕು, ಮತ್ತೆ ಡ್ರಮ್ಸ್ ಅಂತ. ಹನ್ನೊಂದು ತಿಂಗಳಾಯ್ತು. ಒಂದೇ ತಿಂಗಳು ಬಾಕಿ." ಅವಳು ನಗಲು ನೋಡಿದಳು. "ನಂಗೆ ಎಕ್ಸ್‌ಪ್ರೆಸ್ ಬಸ್ ಅಂತ ಹೆಸ್ರು ಇಟ್ಟಿದ್ರು."

"ಅದು ನನ್ನ ಹೆಸ್ರು," ಅಂದ ಅಶ್ವಿತ್. "ಹಲಗೆ ಕೊಡುದಿಲ್ಲ. ಹೋಗು."

*

ಆಗ ಅಶ್ವಿತ್‌ಗೆ ಹದಿನೈದು ವರ್ಷ. ಶಾಲೆಯ ವಾರ್ಷಿಕೋತ್ಸವ. ಮುಂದೆ ಇಸ್ತ್ರಿ ಹಾಕಿದ ಸಮವಸ್ತ್ರದಲ್ಲಿ ಹಾಡುವ ಮಕ್ಕಳು, ಹಿಂದೆ ಡ್ರಮ್ಸಿನಲ್ಲಿ ಅವನು. ಒಂದು ವರ್ಷ ಟಯರಿನ ಮೇಲೆ, ಐದು ವರ್ಷ ಡ್ರಮ್ಸಿನ ಮೇಲೆ ಬಾರಿಸಿದ ಕೈಗಳು. ಎರಡನೆಯ ಚರಣದ ನಡುವೆ ಮಾವ ವೇದಿಕೆ ಹತ್ತಿದ. ಸೀದಾ ಬಂದು, ಗಾಳಿಯಲ್ಲಿದ್ದ ಎರಡೂ ಕೋಲುಗಳನ್ನು ಹಿಡಿದ.

"ಏಳು. ಎಕ್ಸ್‌ಪ್ರೆಸ್ ಬಸ್ಸು ಓಡಿಸ್ಲಿಕ್ಕೆ ಉಡುಪಿ ರೋಡ್ ಉಂಟು. ಇದು ಸ್ಟೇಜ್."

ಮೈಕ್ ಆನ್ ಇತ್ತು. ಇಡೀ ಮೈದಾನ ನಕ್ಕಿತು. ಮಾವ ಕುಳಿತು ಹಾಡನ್ನು ತಾನೇ ಮುಗಿಸಿದ. ಅಶ್ವಿತ್ ಪರದೆಯ ಹಿಂದೆ ನಿಂತು ಕೊನೆಯ ಪೆಟ್ಟಿನ ತನಕ ಕೇಳಿಸಿಕೊಂಡ. ಆ ಮೇಲೆ ಕೋಲು ಮುಟ್ಟಲಿಲ್ಲ. ಈಗ ಅವನಿಗೆ ಮೂವತ್ತಮೂರು, ಪಡೀಲಿನಲ್ಲಿ ಟೈಲ್ಸ್ ಅಂಗಡಿ. ಗಿರಾಕಿಗಳು ಮೇಜಿನ ಮೇಲೆ ಬೆರಳು ಬಡಿದರೆ ಅವನಿಗೆ ಆಗುವುದಿಲ್ಲ.

*

"ನೀನು ಆಶಾನ ಮಗ ಅಲ್ವಾ?"

ಬಾವಿಯ ಹತ್ತಿರ ಬಂದು ನಿಂತವನು ಜೊಕಿಮ್. ಮಾವನ ಬ್ಯಾಂಡಿನ ಗಿಟಾರ್ ವಾದಕ. ಬಿಳಿ ಗಡ್ಡ, ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ.

"ನೀವು ಬರ್ಬಾರ್ದಿತ್ತು," ಅಂದ ಅಶ್ವಿತ್. "ಅವರನ್ನು ಬ್ಯಾಂಡಿನಿಂದ ಹೊರಗೆ ಹಾಕಿದವರು ನೀವೇ ಅಲ್ವಾ?"

"ನಾನೇ. ಬಾಂಬೆಯಲ್ಲಿ ರೆಕಾರ್ಡಿಂಗ್ ಇತ್ತು. ಹೊರಡುವ ಹಿಂದಿನ ದಿನ ಹೇಳಿದ್ದು."

"ಸುಳ್ಳು ಕಾರಣ ಕೊಟ್ಟು."

"ಸುಳ್ಳಲ್ಲ ಮಾರಾಯ. ತಾಳದಲ್ಲಿ ಓಡ್ತಿದ್ದ. ಯಾವ ಹಾಡು ಕೊಟ್ರೂ ಕೊನೆಗೆ ಬರುವಾಗ ನಾವೆಲ್ಲ ಅವನ ಹಿಂದೆ ಏದುಸಿರು ಬಿಡ್ಬೇಕು. ಎಕ್ಸ್‌ಪ್ರೆಸ್ ಬಸ್ ಅಂತ ಹೆಸರಿಟ್ಟದ್ದೂ ನಾನೇ."

ಅಶ್ವಿತ್ ತಲೆಯೆತ್ತಿದ.

"ಮತ್ತೆ ಹದಿನಾರು ವರ್ಷ ಅವನು ನನ್ನ ಹತ್ರ ಮಾತಾಡ್ಲಿಲ್ಲ," ಜೊಕಿಮ್ ಹೂಗುಚ್ಛವನ್ನು ಕಟ್ಟೆಯ ಮೇಲಿಟ್ಟ. "ಒಂದಿನ ಕಾವೂರಿನ ನನ್ನ ಮನೆಗೆ ಬಂದ. ಕೈಯಲ್ಲಿ ಸಿ.ಡಿ. ನಿನ್ನ ಶಾಲೆಯ ಫಂಕ್ಷನಿನದ್ದು. 'ಹಾಕು, ಇವನು ಓಡ್ತಾ ಇದ್ದಾನಾ ಹೇಳು' ಅಂದ. ತಾಳ ಅಳೆಯುವ ಮೆಟ್ರೊನೋಮ್ ಇಟ್ಟು ಕೇಳಿದೆವು. ಮೂರು ಸಲ."

"ಮತ್ತೆ?"

"ನೀನು ಓಡಿರ್ಲಿಲ್ಲ. ಹಾಡುವ ಮಕ್ಕಳು ಹಿಂದೆ ಬಿದ್ದಿದ್ರು. ನೀನು ನಿನ್ನ ಜಾಗದಲ್ಲೇ ಇದ್ದಿ. ಯಾರು ಬಾರಿಸಿದ್ರೂ ನಿನ್ನ ಮಾಮನ ಕಿವಿಗೆ ಕೇಳ್ತಿದ್ದದ್ದು ಓಡುವ ತಪ್ಪೊಂದೇ."

ಮನೆಯೊಳಗೆ ಯಾರೋ ಹೆಂಗಸು ಅಳಲು ಶುರು ಮಾಡಿ, ಜೊತೆಗೆ ಯಾರೂ ಸೇರದ ಕಾರಣ ನಿಲ್ಲಿಸಿದಳು.

"ಗೊತ್ತಿತ್ತು ಅವರಿಗೆ," ಅಂದ ಅಶ್ವಿತ್.

"ಆ ವಾರವೇ ಗೊತ್ತಾಯ್ತು."

"ಹದಿನೆಂಟು ವರ್ಷ ಹೇಳ್ಲಿಲ್ಲ."

"ಕ್ಲಾಸಿಗೆ ವಾಪಸ್ ಬರ್ಲಿ, ಆಗ ಹೇಳ್ತೇನೆ ಅಂದಿದ್ದ. ನೀನು ಬರ್ಲಿಲ್ಲ."

"ನಂಗೆ ಹದಿನೈದು ವರ್ಷ ಆಗ!"

"ಅವನಿಗೆ ನಲ್ವತ್ತಾರು. ಹೌದು."

"ನೀವಾದ್ರೂ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು," ಅಂದ ಜೊಕಿಮ್.

*

ಬ್ಯಾಂಡಿನವರು ಬಾಂಬೆ ಬಸ್ಸು ಹತ್ತಿದ ವಾರವೇ ಮೋಹನದಾಸ ಗುಜರಿ ಅಂಗಡಿಯಿಂದ ಲಾರಿ ಟಯರಿನ ಒಂದು ತುಂಡು ತಂದು ಹಲಸಿನ ಹಲಗೆಗೆ ಮೊಳೆ ಹೊಡೆದ. ಡ್ರಮ್ಸನ್ನು ಗೋಣಿಯಲ್ಲಿ ಮುಚ್ಚಿಟ್ಟು, ಮಹಡಿಯ ಶೀಟಿನ ಕೋಣೆಯಲ್ಲಿ ಎರಡು ವರ್ಷ ಅದರ ಮೇಲೆಯೇ ಬಾರಿಸಿದ. ಡ್ರಮ್ಮು ತಪ್ಪನ್ನು ಮುಚ್ಚುತ್ತದೆ, ಟಯರು ಮುಚ್ಚುವುದಿಲ್ಲ ಎಂಬುದು ಅವನ ವಾದ. ಆಮೇಲೆ ಬಂದ ಮಕ್ಕಳೂ ಬಾರಿಸಿದರು. ರಬ್ಬರಿನಲ್ಲಿ ಎರಡು ಗುಳಿ ಬಿದ್ದವು. ಎಡಗೈಯ ಗುಳಿ ಬಲಗೈಯದ್ದರಷ್ಟೇ ಆಳ ಇರಬೇಕೆಂದು ಅವನು ವಾರಕ್ಕೊಮ್ಮೆ ಬೆರಳು ಇಳಿಸಿ ನೋಡುತ್ತಿದ್ದ.

*

ಅಶ್ವಿತ್ ಮಹಡಿ ಹತ್ತಿ ಹೋದ. ಇಳಿಯುವಾಗ ಕಂಕುಳಲ್ಲಿ ಹಲಗೆ ಇತ್ತು. ತಾಯಿಯ ಕೈಯಿಂದ ಬೈರಾಸನ್ನು ಎಳೆದುಕೊಂಡು ಹೆಗಲಿಗೆ ಹಾಕಿದ.

"ಬೆಂಕಿ ನಾನೇ ಇಡ್ತೇನೆ."

"ಒಳ್ಳೇ ಬುದ್ಧಿ ಬಂತು," ಆಶಾಲತಾ ಕಣ್ಣೊರೆಸಿಕೊಂಡಳು. "ಅದು ಎಂತಕ್ಕೆ ಮಗಾ?"

"ಅವರ ಸಾಮಾನು. ಅವರೊಟ್ಟಿಗೆ ಹೋಗ್ಲಿ."

ಸ್ಮಶಾನದಲ್ಲಿ ಮಾವಿನ ಸೌದೆ ಒಟ್ಟಿದ್ದರು. ಅಶ್ವಿತ್ ಹೆಣದ ಎದೆಯ ಮೇಲೆ ಹಲಗೆಯನ್ನಿಟ್ಟ, ಟಯರು ಮೇಲಾಗಿ.

"ರಬ್ಬರ್ ಹಾಕ್ಬೇಡ ಮಾರಾಯ, ನಾರ್ತದೆ," ಯಾರೋ ಅಂದರು.

"ಗುರುವಿನ ವಸ್ತು ಅಲ್ವಾ, ಮರ್ಯಾದೆಗೆ ಇಟ್ಟದ್ದು," ಇನ್ನೊಬ್ಬರು ತಿದ್ದಿದರು.

ಗೇಟಿನ ಹೊರಗೆ ನಜ್ಲಾ ನಿಂತಿದ್ದಳು. ಇಲ್ಲಿಯ ತನಕ ಶವದ ವಾಹನದ ಹಿಂದೆಯೇ ಆಟೋದಲ್ಲಿ ಬಂದಿದ್ದಳು. "ಅಣ್ಣ!" ಎಂದು ಒಮ್ಮೆ ಕೂಗಿದಳು. ಅಶ್ವಿತ್‌ಗೆ ಕೇಳಿಸಿತು. ಅವಳತ್ತ ನೋಡಿಯೇ ಅವನು ಕೊಳ್ಳಿ ಎತ್ತಿಕೊಂಡ.

ಚಿತೆಗೆ ಮೂರು ಸುತ್ತು ಬರಬೇಕು. ಅವನು ದಾಪುಗಾಲು ಹಾಕಿದ.

"ಮೆಲ್ಲ ಹೋಗು," ಹಿರಿಯರೊಬ್ಬರು ಗದರಿದರು. "ಯಾರಾದ್ರೂ ಓಡಿಸ್ತಾ ಇದ್ದಾರಾ?"

ಸೌದೆ ಮೊದಲು ಹತ್ತಿತು, ಟಯರು ತಡವಾಗಿ. ಅಂಚುಗಳು ಮೇಲಕ್ಕೆ ಮಡಚಿದವು, ಎಡಗಡೆಯ ಗುಳಿಯಲ್ಲಿ ರಬ್ಬರು ಗುಳ್ಳೆಯೆದ್ದು ಕುದಿಯಿತು, ಆಮೇಲೆ ಬಲಗಡೆಯದ್ದು. ಕಪ್ಪು ಹೊಗೆ ಮೇಲೇರದೆ ಬಿಳಿ ಅಂಗಿಗಳ ಕಡೆಗೇ ಹರಿಯಿತು. ಜನ ಕೆಮ್ಮುತ್ತ, ಅಶ್ವಿತ್‌ನನ್ನು ಬೈಯುತ್ತ, ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಹಿಂದೆ ಸರಿದರು. ಜೊಕಿಮ್ ಆಗಲೇ ರಸ್ತೆಗೆ ಇಳಿದಿದ್ದ.

ಗೇಟಿನ ಬಳಿ ನಜ್ಲಾ ಮಾತ್ರ ಕದಲಲಿಲ್ಲ. ಹಲಗೆ ಒಯ್ಯಲು ತಂದಿದ್ದ ಖಾಲಿ ಚೀಲವನ್ನು ಮೂಗಿಗೆ ಒತ್ತಿಹಿಡಿದು, ಕಣ್ಣು ಉರಿಯುತ್ತಿದ್ದರೂ ಅಶ್ವಿತ್‌ನನ್ನೇ ನೋಡುತ್ತಿದ್ದಳು.