ಕೆಂಪು ಜಿಂಕೆಯ ತೋಳುಪಟ್ಟಿ

ಸೈನಿಕರ ಮುಖ ನೋಡುವುದನ್ನು ನಮ್ಮ ಊರಿನವರು ಎಂದೋ ಬಿಟ್ಟಿದ್ದರು. ನೋಡುತ್ತಿದ್ದದ್ದು ಎಡತೋಳು. ಅಲ್ಲಿ ಹೊಲಿದ ಬಟ್ಟೆಯ ತುಂಡೇ ಇವರು ಯಾವ ಡಿವಿಷನ್ನಿನವರು, ಎಷ್ಟು ಬಲದವರು ಎಂದು ಹೇಳುತ್ತಿತ್ತು. 1944ರ ಆ ಶರತ್ಕಾಲದಲ್ಲಿ ಮೊಸೆಲ್ ನದಿಯ ಆಚೆ ಜರ್ಮನ್ನರು, ಈಚೆ ನಾವು. ಕೆಂಪು ಜಿಂಕೆಯ ಪಟ್ಟಿ ತೊಟ್ಟ ಅಮೆರಿಕನ್ನರು ಬಂದ ದಿನ ನನ್ನ ಕಾಫಿ ಅಂಗಡಿಯಲ್ಲಿ ಹಬ್ಬವೋ ಹಬ್ಬ. ಕೆಂಪು ಜಿಂಕೆಯವರು ಹಿಂದೆ ಸರಿದದ್ದೇ ಇಲ್ಲವೆಂದು ಹೆಸರಿತ್ತು.

ಅವರ ಸಾರ್ಜೆಂಟ್ ಡ್ವೈಟ್ ದೊಡ್ಡ ಬಾಯಿಬಡುಕ. ನಮ್ಮ ಮನೆಯ ಹಣ್ಣಿನ ಮದ್ಯ ಕುಡಿದು, ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

“ನಮ್ ಡಿವಿಷನ್ ಪೂರ್ತಿ ಇಲ್ಲೇ ಇದೆ ಕಣಮ್ಮ! ಇಲ್ಲಿಂದ್ಲೇ ಹೊಳೆ ದಾಟೋದು!”

“ನಿನ್ ಬಾಯಿಗೆ ಬೀಗ ಇಲ್ವೇನಯ್ಯಾ? ಗೋಡೆಗೂ ಕಿವಿ ಇರುತ್ತೆ.”

“ಕೇಳಿಸ್ಕೊಳ್ಲಿ ಬಿಡು,” ಎಂದು ನಕ್ಕ.

ಅಪ್ಪ ಆಗಲೇ ಗಾಡಿಗೆ ಹಾಸಿಗೆ ಹೇರಿದ್ದ, ಅತ್ತೆಯ ಊರಿಗೆ ಹೊರಡಲು. ನಾನು ಡ್ವೈಟನನ್ನೇ ಕೇಳಿದೆ. “ಅಪ್ಪನ್ನ ಕಳಿಸ್ಲಾ, ಇಟ್ಕೊಳ್ಲಾ? ನಿಜ ಹೇಳು, ನಿಮ್ಮಮ್ಮನಾಣೆ.”

ಅವನು ತೋಳಿನ ಜಿಂಕೆ ತಟ್ಟಿ ಹೇಳಿದ, “ನಮ್ಮಮ್ಮನಾಣೆ. ನಾವಿರೋವರ್ಗೂ ನಿಮ್ಮಪ್ಪನ ಕೂದ್ಲೂ ಕೊಂಕಲ್ಲ.”

ಅಪ್ಪ ಹಾಸಿಗೆ ಇಳಿಸಿದ.

ಅದೇ ವಾರ ಹಿಟ್ಟು ತರಲು ಸೈಕಲ್ ತುಳಿದುಕೊಂಡು ಪಕ್ಕದ ಪೇಟೆಗೆ ಹೋದೆ. ಅಲ್ಲಿನ ಹೋಟೆಲಿನಿಂದ ಅದೇ ದನಿ, ಅದೇ ಜಂಬ. ಒಳಗೆ ಡ್ವೈಟ್. ತೋಳಿನ ಮೇಲೆ ಮಾತ್ರ ನೀಲಿ ಮೀನು.

“ಏನೋ ಇದು? ಜಿಂಕೆ ಎಲ್ಲೋ?”

 ಅವನು ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದ. “ಮೆತ್ತಗೆ! ಜಿಂಕೆಯವ್ರು ನಿಮ್ಮೂರಿಗೆ ಬಂದೇ ಇರ್ಲಿಲ್ಲ. ಅವ್ರು ಎಲ್ಲೋ ದೂರದಲ್ಲಿ ಹೊಳೆ ದಾಟ್ತಿದಾರೆ. ನಾವು ಬರೀ ಪಟ್ಟಿ ಬದಲಾಯ್ಸೋ ಜನ. ಶತ್ರು ನಿಮ್ಮೂರ ಕಡೆ ನೋಡ್ಲಿ ಅಂತ.”

“ನನ್ನಪ್ಪ?”

ಅವನು ತೋಳಿನ ಮೀನನ್ನು ಅಂಗೈಯಿಂದ ಮುಚ್ಚಿಕೊಂಡ. ಉಂಡ ಮನೆಗೆ ಎರಡು ಬಗೆದವನ ಕೆನ್ನೆಗೆ ಬಾರಿಸಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ನಮ್ಮೂರ ದಿಕ್ಕಿನಿಂದ ಫಿರಂಗಿಯ ಸದ್ದು ಕೇಳಿತು.

ಶತ್ರು ನಂಬಿದ್ದ. ಇಲ್ಲದ ಸೈನ್ಯದ ಮೇಲೆ ಇದ್ದಬದ್ದ ಗುಂಡೆಲ್ಲ ಸುರಿದಿದ್ದ. ಅಪ್ಪನನ್ನು ಮನೆಯ ತೊಲೆಯಡಿಯಿಂದ ನೆರೆಯವರು ಎಳೆದು ತೆಗೆದರು. ಉಸಿರಿರಲಿಲ್ಲ.

ನಿಜವಾದ ಜಿಂಕೆಯವರು ಹೊಳೆ ದಾಟಿದ ಮೇಲೆ ಡ್ವೈಟನ ಮೇಲಿನ ಒಬ್ಬ ಅಧಿಕಾರಿ ಕೃತಜ್ಞತೆ ಹೇಳಲು ಬಂದ. ಒಳ್ಳೆಯವನಂತೆಯೇ ಕಂಡ.

“ನೀವ್ಯಾರೂ ಊರು ಬಿಡ್ಲಿಲ್ವಲ್ಲ, ಅದಕ್ಕೇ ಅವ್ರು ನಂಬಿದ್ದು. ಊರು ಖಾಲಿಯಾಗಿದ್ರೆ ಅನುಮಾನ ಬರ್ತಿತ್ತು.”

“ಹಂಗಾದ್ರೆ ಆ ಡ್ವೈಟು ಆಣೆ ಇಟ್ಟಿದ್ದು?”

“ಯಾರೂ ಹೋಗದ ಹಾಗೆ ನೋಡ್ಕೋ ಅಂತ ನಾನೇ ಹೇಳಿದ್ದೆ ತಾಯಿ,” ಎಂದ, ಮರುಕದಿಂದಲೇ.