ಮೂರು ಸೀಟಿಯ ಹೊತ್ತು

ನಾನು ಐದು ಲೀಟರಿನ ಒಂದು ಅಲ್ಯೂಮಿನಿಯಂ ಕುಕ್ಕರ್. ಬರೀ ತಗಡಾಗಿದ್ದ ನನ್ನನ್ನು ಕಾರ್ಖಾನೆಯ ಯಂತ್ರವೊಂದು ಒಂದೇ ಒತ್ತಿಗೆ ಪಾತ್ರೆ ಮಾಡಿತು. ಆ ನೋವು ಮರೆತಿದ್ದೇನೆ. ಆದರೆ ತಲೆಯ ಮೇಲೆ ಸೀಟಿ ಇಟ್ಟು ಪರೀಕ್ಷಿಸಿದಾಗ ನನ್ನ ಕೂಗಿಗೆ ನಾನೇ ಬೆಚ್ಚಿದ್ದು ಚೆನ್ನಾಗಿ ನೆನಪಿದೆ. ಶಶಿಕಲಾಳ ಮದುವೆಯಲ್ಲಿ ಅವಳ ಸೋದರಮಾವ ನನ್ನನ್ನು ಉಡುಗೊರೆ ಕೊಟ್ಟ. ಹಾಗೆ ಧಾರವಾಡದ ಎರಡು ಕೋಣೆಯ ಬಾಡಿಗೆ ಮನೆ ಸೇರಿದೆ.

ಶಶಿಕಲಾಗೆ ಕತೆ ಬರೆಯುವ ಹುಚ್ಚು. ಆದರೆ ಆ ಮನೆಯಲ್ಲಿ ಅವಳನ್ನು ಯಾರಾದರೂ ಕರೆಯದ ಗಳಿಗೆಯೇ ಇರಲಿಲ್ಲ. ಗಣಿತದ ಮಾಸ್ತರನಾಗಿದ್ದ ಗಂಡ ಗುರುಬಸಪ್ಪನಿಗೆ ಕನ್ನಡಕ ಸಿಗದು, ಮಕ್ಕಳಿಗೆ ಪೆನ್ಸಿಲ್ ಸಿಗದು. ಎಲ್ಲರೂ ಸುಮ್ಮನಿರುವುದು ಒಂದೇ ಹೊತ್ತು ಎಂದು ಅವಳು ಬೇಗ ಕಂಡುಕೊಂಡಳು. ಅದು ನಾನು ಒಲೆಯ ಮೇಲಿರುವ ಹೊತ್ತು. ಒಲೆಯ ಮೇಲಿನ ಕುಕ್ಕರ್ ಬಿಟ್ಟು ಬಾ ಎಂದು ಅವಳನ್ನು ಕರೆಯಲು ಯಾರಿಗೆ ತಾನೇ ಧೈರ್ಯ?

"ಕುಕ್ಕರ್ ಇಟ್ಟೇನಿ. ಅದು ಇಳಿಯೂತನಕ ನನ್ನ ಯಾರೂ ಕರೀಬ್ಯಾಡ್ರಿ," ಎನ್ನುತ್ತಿದ್ದಳು.

ಸಂಜೆ ಏಳಕ್ಕೆ ನನ್ನನ್ನು ಒಲೆಗೇರಿಸಿ, ಅಡುಗೆಮನೆಯ ಬಾಗಿಲಲ್ಲೇ ನೋಟ್‌ಬುಕ್ ಹಿಡಿದು ಕೂರುವಳು. ಮೊದಲ ಸೀಟಿಯವರೆಗೆ ನಿನ್ನೆ ಬರೆದದ್ದನ್ನು ಓದುವುದು. ಆಮೇಲೆ ಬರೆಯುವುದು. ಮೂರನೆಯ ಸೀಟಿಗೆ ಎದ್ದು ಒಲೆ ಆರಿಸಿ, ಒಳಗಿನ ಉಗಿ ಇಳಿಯುವವರೆಗೆ ಮತ್ತೆ ಬರೆಯುವುದು. ಉಗಿ ಇಳಿಯಿತೋ, ವಾಕ್ಯ ಅರ್ಧವಾಗಿದ್ದರೂ ಪೆನ್ನು ಮುಚ್ಚುವಳು.

"ಉಳಿದರ್ಧ ನಾಳೆ ತಾನ ಕೈ ಹಿಡದು ಕರಕೊಂಡು ಹೋಗತದ," ಎಂದು ನನ್ನ ಮುಚ್ಚಳ ತೆಗೆಯುತ್ತ ಗೊಣಗುವಳು. ಹನಿ ಹನಿ ಕೂಡಿ ಹಳ್ಳವಾಯಿತು. ಎಂಟು ವರ್ಷದ ಅನ್ನ, ಬೇಳೆಯ ನಡುವೆ ಒಂದು ಕಾದಂಬರಿ ಬೆಂದಿತು. ಅಚ್ಚಾಯಿತು, ಜನ ಮೆಚ್ಚಿದರು. ಪ್ರಕಾಶಕರು ಇನ್ನೊಂದನ್ನು ಕೇಳಿದರು.

ಅಲ್ಲಿಂದ ಶುರುವಾಯಿತು ನೋಡಿ ಫಜೀತಿ. ಗುರುಬಸಪ್ಪನಿಗೆ ಹೆಂಡತಿಯ ಮೇಲೆ ಹೆಮ್ಮೆ ಉಕ್ಕಿ, ಅಡುಗೆಗೆ ನೀಲವ್ವನನ್ನು ಗೊತ್ತುಮಾಡಿದ. ಮೇಜು ತಂದ, ಮೆತ್ತನೆಯ ಕುರ್ಚಿ ತಂದ.

"ಇನ್ನ ಮ್ಯಾಲೆ ನೀ ಅಡಗಿಮನಿ ಕಡೆ ಹಾಯಬ್ಯಾಡ. ದಿನಾ ಪೂರ್ತಿ ನಿಂದ. ಆರಾಮ ಕುಂತು ಬರಿ," ಎಂದ.

ನೀಲವ್ವ ತನಗೆ ಬೇಕಾದ ಹೊಸ ಕುಕ್ಕರ್ ತರಿಸಿಕೊಂಡಳು. ನಾನು ಕಪಾಟಿನ ಮೇಲಿನ ಹಲಗೆ ಸೇರಿದೆ. ಅಲ್ಲಿಂದ ಶಶಿಕಲಾ ನನಗೆ ಕಾಣುತ್ತಿದ್ದಳು. ಮೊದಲು ಪೆನ್ನು ಬದಲಿಸಿದಳು. ಆಮೇಲೆ ಮೇಜನ್ನು ಕಿಟಕಿಗೆ ಸರಿಸಿದಳು, ಬಿಸಿಲೆಂದು ಮತ್ತೆ ಗೋಡೆಗೆ ಸರಿಸಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಒಳಗೊಳಗೇ ನಕ್ಕೆ. ನಾಲ್ಕು ತಿಂಗಳಾದರೂ ಒಂದು ಹಾಳೆ ತುಂಬಲಿಲ್ಲ. ಆಗ ನನ್ನ ನಗು ನಿಂತಿತು.

"ಮೊದಲಿಂದು ಹೆಂಗೋ ಬಂದುಬಿಟ್ಟಿತ್ತು, ನೀಲವ್ವಾ. ಇನ್ನ ನನ್ನೊಳಗ ಏನೂ ಉಳದಿಲ್ಲೇನೋ," ಎಂದು ಒಂದು ದಿನ ಅವಳು ಕಣ್ಣೀರು ಒರೆಸಿಕೊಂಡಳು. ನನಗೆ ಸಂಕಟವಾಯಿತು.

ಮರುದಿನ ಸಂಜೆ ಏಳಕ್ಕೆ ಶಶಿಕಲಾ ಸ್ಟೂಲು ಹತ್ತಿ ನನ್ನನ್ನು ಇಳಿಸಿದಳು. ತೊಳೆದು, ಒಂದು ತಂಬಿಗೆ ನೀರು ಹಾಕಿ, ಮುಚ್ಚಿ ಒಲೆಗಿಟ್ಟಳು. ನೀಲವ್ವ ಹಿಟ್ಟಿನ ಕೈ ಹಾಗೇ ಹಿಡಿದು ನಿಂತಳು.

"ಅಕ್ಕಾರ, ಅಕ್ಕಿ ಹಾಕೂದು ಮರತೀರಿ!"

"ಮರತಿಲ್ಲ. ಸುಮ್ನಿರು."

ಸೀಟಿ ಕೇಳಿ ಗುರುಬಸಪ್ಪ ತಟ್ಟೆ ಹಿಡಿದೇ ಬಂದ. ಹೆಂಡತಿ ಬಾಗಿಲಲ್ಲಿ ಕುಳಿತು ಬರೆಯುತ್ತಿದ್ದಳು. ನನ್ನ ಉಗಿ ಇಳಿದ ಮೇಲೆ ಮುಚ್ಚಳ ತೆಗೆದು ನೋಡಿದ. ಬರೀ ನೀರು.

"ನಿನಗ ಹೊತ್ತು ಸಾಲೂದಿಲ್ಲ ಅಂತ ಇಷ್ಟೆಲ್ಲಾ ಮಾಡಿದೆ," ಎಂದ, ಮುಖ ಸಣ್ಣದು ಮಾಡಿ.

"ಕುಂದ್ರೂ ಹೊತ್ತು ಕೊಟ್ರಿ. ಏಳು ಅಂತ ಕೂಗೂ ಹೊತ್ತು ಕೊಡಲಿಲ್ಲ, ರೀ," ಎಂದು ಅವಳು ನಕ್ಕಳು. ನಾಲ್ಕು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಅಂದಿನಿಂದ ಪ್ರತಿ ಸಂಜೆ ನಾನು ನೀರು ಕುದಿಸಿದೆ. ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ. ಹಾಳೆಗಳು ತುಂಬುತ್ತಿದ್ದವು.

ಎರಡು ವರ್ಷದ ಮೇಲೆ, ನೀಲವ್ವ ಊರಿಗೆ ಹೋಗಿದ್ದ ಒಂದು ಸಂಜೆ, ಮೂರನೆಯ ಸೀಟಿ ಹಾಕಿದೆ. ಅವಳು ಏಳಲಿಲ್ಲ. ನಾಲ್ಕು, ಐದು, ಹತ್ತು ಹಾಕಿದೆ. ಗಂಟಲು ಹರಿಯುವಂತೆ ಕೂಗಿದೆ. ಅವಳ ಪೆನ್ನು ಓಡುತ್ತಲೇ ಇತ್ತು. ಒಳಗಿನ ನೀರು ಬತ್ತಿತು, ತಳ ಕಾದು ಉಬ್ಬಿತು, ಕೊನೆಗೆ ಸೇಫ್ಟಿ ವಾಲ್ವು ಕರಗಿ ಹೋಯಿತು. ಸುಟ್ಟ ವಾಸನೆಗೆ ಗುರುಬಸಪ್ಪ ಹಿಂಬಾಗಿಲಿನಿಂದ ಓಡಿ ಬಂದು ಒಲೆ ಆರಿಸಿದ. ಹೆಂಡತಿಯನ್ನು ಕರೆಯಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿಕೊಂಡ. ನನ್ನ ಪಕ್ಕದ ನೆಲದ ಮೇಲೆ ಸುಮ್ಮನೆ ಕುಳಿತುಬಿಟ್ಟ. ಕಾದಂಬರಿಯ ಕೊನೆಯ ಪುಟ ಮುಗಿಯುವವರೆಗೂ ಇಬ್ಬರೂ ಹಾಗೇ ಕಾದೆವು.

ರಿಪೇರಿಯವನು ನನ್ನನ್ನು ತಿರುಗಿಸಿ ನೋಡಿ, ಇನ್ನು ಆಗದು ಎಂದ. ಈಗ ಅಟ್ಟದ ಮೂಲೆಯಲ್ಲಿದ್ದೇನೆ. ಕೆಳಗೆ ಸಂಜೆ ಏಳಕ್ಕೆ ಬೇರೆ ಯಾವುದೋ ಕುಕ್ಕರ್ ಕೂಗುತ್ತದೆ. ಧ್ವನಿ ಸ್ವಲ್ಪ ಕೀರಲು, ಆದರೂ ಪರವಾಗಿಲ್ಲ, ಕಲಿಯುತ್ತದೆ. ಇಷ್ಟು ವರ್ಷ ನಾನು ಕೂಗಿದಾಗಲೆಲ್ಲ ಅವಳು ಎದ್ದು ಬಂದಿದ್ದಳು. ಅವಳು ಏಳದೇ ಹೋದ ಆ ಒಂದು ಸಂಜೆಗಾಗಿ ತಳ ಸುಟ್ಟುಕೊಂಡದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ.